ಬೇಸಿಗೆಗೆ ಒಪ್ಪುವ ಓದು

ಪಾರಾಯಣಕ್ಕೂ ಒಂದು ಕಾಲ ಇರುತ್ತದೆ. ನಮ್ಮ ಕಡೆ ಶ್ರಾವಣ ಬಂತೆಂದರೆ ಮಠಗಳಲ್ಲಿ ಪುರಾಣ ಹಚ್ಚುತ್ತಾರೆ; ರಂಜಾನ್ ತಿಂಗಳ ರಾತ್ರಿಗಳಲ್ಲಿ ಮಸೀದಿಗಳಲ್ಲಿ ಕುರಾನ್ ಪಠಣ ಸಾಗುತ್ತದೆ. ವಿಜಯಪುರದ ಜಲನಗರದಂಥ ಬಡಾವಣೆಗಳಲ್ಲಿ, ತಿಕೋಟಾ-ಬಬಲೇಶ್ವರದ ಊರುಗಳಲ್ಲಿ ಇರುವ ಕ್ರೈಸ್ತ ಮನೆಗಳಿಗೂ ಅಂಥದೊಂದು ಕಾಲ ಉಂಟು. ಅದು ನಕ್ಷತ್ರದ ಬುಟ್ಟಿ ತೂಗಿಬಿಡುವ ಡಿಸೆಂಬರ್ ಅಲ್ಲ, ನೆಲ ಬಿರಿಯುವ ಬೇಸಿಗೆ. ಮನೆಮಂದಿ ಒಟ್ಟಾಗಿ ಕೂತು ಬೈಬಲ್ಲನ್ನು ಗಟ್ಟಿಯಾಗಿ ಓದಲು, ಓದಿದ್ದು ಮಕ್ಕಳ ಮನಸ್ಸಿಗೆ ಇಳಿಯಲು, ವಿಜಯಪುರದ ಬೇಸಿಗೆಗಿಂತ ತಕ್ಕ ಕಾಲ ಇನ್ನೊಂದಿಲ್ಲ ಎಂಬುದು ನನ್ನ ವಾದ.

ಮೊದಲು ಪಂಚಾಂಗವನ್ನೇ ನೋಡೋಣ. ಈಸ್ಟರ್ ಯಾವ ವರ್ಷವೂ ಮಾರ್ಚ್ 22ಕ್ಕಿಂತ ಮುಂಚೆ ಬರುವುದಿಲ್ಲ, ಏಪ್ರಿಲ್ 25 ದಾಟುವುದಿಲ್ಲ. ಅದಕ್ಕೆ ಮೊದಲು ನಲವತ್ತು ದಿನದ ತಪಸ್ಸುಕಾಲ, ಶುಭ ಶುಕ್ರವಾರ; ಅದಾದ ಮೇಲೆ ಸ್ವರ್ಗಾರೋಹಣ, ಏಳು ವಾರಕ್ಕೆ ಪಂಚಾಶತ್ತಮ. ಕಥೋಲಿಕ ಮನೆಗಳಲ್ಲಿ ಮೇ ತಿಂಗಳು ಪೂರ್ತಿ ಮರಿಯಮ್ಮನವರ ಜಪಸರವೂ ಸೇರುತ್ತದೆ. 2026ರಲ್ಲಿ ಈಸ್ಟರ್ ಏಪ್ರಿಲ್ 5ಕ್ಕೆ, ಪಂಚಾಶತ್ತಮ ಮೇ 24ಕ್ಕೆ, ಅಂದರೆ ರೋಹಿಣಿ ಮಳೆಯ ಹೊಸ್ತಿಲಲ್ಲಿ. ಕ್ರೈಸ್ತ ನಂಬಿಕೆಯ ತಿರುಳೆನ್ನಬಹುದಾದ ದಿನಗಳೆಲ್ಲ ನಮ್ಮಲ್ಲಿ ಬಿಸಿಲು ನಲವತ್ತು ಡಿಗ್ರಿ ಮುಟ್ಟುವ ವಾರಗಳಲ್ಲೇ ಬೀಳುತ್ತವೆ. ಶಾಲೆಗೆ ರಜೆ ಇರುವುದೂ, ಮಕ್ಕಳು ಮನೆಯಲ್ಲಿರುವುದೂ ಆಗಲೇ.

ಪಂಚಾಂಗಕ್ಕಿಂತ ಗಟ್ಟಿಯಾದ ಸಾಕ್ಷಿ ಹೊಲದಲ್ಲಿದೆ. ಬೈಬಲ್ ಹುಟ್ಟಿದ ನಾಡಿನಲ್ಲಿ ಮಳೆಗಾಲ ಅಕ್ಟೋಬರಿನಿಂದ ಏಪ್ರಿಲ್ಲಿನವರೆಗೆ. ಚಳಿಗೆ ಮುಂಚೆ ಬಿತ್ತಿದ ಜವೆಗೋಧಿ ಪಸ್ಕ ಹಬ್ಬದ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ನಮ್ಮ ಎರೆಹೊಲದ ಬಿಳಿಜೋಳದ ನಡೆಯೂ ಇದೇ: ಹಿಂಗಾರಿಗೆ ಬಿತ್ತನೆ, ಭೂಮಿಯ ಹಸಿಯಲ್ಲೇ ಬೆಳೆ, ಬೇಸಿಗೆ ಕಾಲಿಡುವಾಗ ರಾಶಿ. ಬೋವಜನ ಹೊಲದಲ್ಲಿ ರೂತಳು ಹಕ್ಕಲು ಆಯ್ದ ಕಥೆಯನ್ನು ಹಿಮ ಬೀಳುವ ದೇಶದ ಓದುಗರಿಗೆ ಅಡಿಟಿಪ್ಪಣಿ ಹಾಕಿ ಹೇಳಬೇಕು. ಕೊಯ್ದ ಹೊಲದಲ್ಲಿ ಬಿದ್ದ ತೆನೆ ಆಯುವ ಹೆಂಗಸರನ್ನು ಕಂಡ ಊರಿನವರಿಗೆ ಅದು ಬೇಕಿಲ್ಲ. ಕಣದಲ್ಲಿ ಕಾಳು ತೂರಿ ಹೊಟ್ಟು ಬೇರೆ ಮಾಡುವ ಸ್ನಾನಿಕ ಯೋಹಾನನ ಮಾತು, ರಾಶಿ ಮಷೀನು ಬಂದ ಈ ದಿನಗಳಲ್ಲೂ, ಇಲ್ಲಿಯ ಅಜ್ಜಂದಿರಿಗೆ ಕೈಯಾರೆ ಮಾಡಿದ ಕೆಲಸ.

ಎಲ್ಲಕ್ಕಿಂತ ಬೆಲೆಯುಳ್ಳ ಸಾಕ್ಷಿಯನ್ನು ತಿಕೋಟಾದ ದ್ರಾಕ್ಷಿ ತೋಟಗಳು ಕೊಡುತ್ತವೆ. ಯೋಹಾನನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಯೇಸು ತನ್ನನ್ನು ದ್ರಾಕ್ಷಿಬಳ್ಳಿ ಎಂದೂ ಶಿಷ್ಯರನ್ನು ಕೊಂಬೆಗಳೆಂದೂ ಕರೆಯುತ್ತಾನೆ. ಫಲ ಕೊಡದ ಕೊಂಬೆಯನ್ನು ತೋಟಗಾರ ತೆಗೆದುಹಾಕುತ್ತಾನೆ, ಫಲ ಕೊಡುವುದನ್ನೂ ಹೆಚ್ಚು ಫಲಕ್ಕಾಗಿ ಕತ್ತರಿಸಿ ಹಸನು ಮಾಡುತ್ತಾನೆ ಎನ್ನುತ್ತಾನೆ. ಶಿಲುಬೆಯ ಹಿಂದಿನ ರಾತ್ರಿ ಆಡಿದ ಮಾತಿದು. ಒಳ್ಳೆಯ ಕೊಂಬೆಯನ್ನೇಕೆ ಕತ್ತರಿಸಬೇಕು ಎಂದು ಮಗು ಕೇಳಿದರೆ ಪುಸ್ತಕದ ವಿವರಣೆ ಸಾಲದು. ಏಪ್ರಿಲ್ ಚಾಟಣಿ ತೋರಿಸಬೇಕು. ಫೆಬ್ರುವರಿ-ಮಾರ್ಚಿನಲ್ಲಿ ಗೊನೆ ಇಳಿಸಿ, ಹಣ್ಣು ಒಣದ್ರಾಕ್ಷಿಯ ಶೆಡ್ಡು ಸೇರಿದ ಮೇಲೆ, ಅಷ್ಟು ಫಲ ಕೊಟ್ಟ ಕಡ್ಡಿಗಳನ್ನೇ ಒಂದೆರಡು ಕಣ್ಣು ಉಳಿಸಿ ಸವರಿಬಿಡುತ್ತಾರೆ. ಚಪ್ಪರ ಬೋಳಾಗುತ್ತದೆ. ಆದರೆ ಆ ಬಳಿಕ ಚಿಗುರಿದ ಕಡ್ಡಿಯ ಕಣ್ಣುಗಳೊಳಗೆ ಬರುವ ವರ್ಷದ ಗೊನೆ ರೂಪುಗೊಳ್ಳುವುದು ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲೇ. ನಾವು ಶಪಿಸುವ ಬಿಸಿಲೇ ಬಳ್ಳಿಯ ಫಲಕ್ಕೆ ಕಾರಣ. ಕಷ್ಟದಲ್ಲಿ ನಂಬಿಕೆ ಬಲಿಯುತ್ತದೆ ಎಂಬ ಉಪದೇಶವನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಪ್ರಸಂಗಪೀಠವೂ ಹೇಳಲಾರದು.

ನೀರಿನ ಮಾತೂ ಹೀಗೆಯೇ. ಸಮಾರ್ಯದ ಹೆಂಗಸು ಯಾಕೋಬನ ಬಾವಿಗೆ ಕೊಡ ಹಿಡಿದು ಬಂದದ್ದು ನಡು ಮಧ್ಯಾಹ್ನ. ಬೇರೆ ಯಾರೂ ನೀರಿಗೆ ಹೋಗದ ಹೊತ್ತು ಅದು, ಅವಳ ಒಂಟಿತನವೆಲ್ಲ ಆ ಹೊತ್ತಿನಲ್ಲಿದೆ ಎಂದು ಬಹಳ ಕಾಲದಿಂದ ವ್ಯಾಖ್ಯಾನಕಾರರು ಹೇಳುತ್ತ ಬಂದಿದ್ದಾರೆ. ಮೇ ತಿಂಗಳ ಮಧ್ಯಾಹ್ನ ಹನ್ನೆರಡಕ್ಕೆ ವಿಜಯಪುರದ ಓಣಿ ಹೇಗಿರುತ್ತದೆಂದು ಬಲ್ಲವರಿಗೆ ವ್ಯಾಖ್ಯಾನವೇ ಬೇಡ. ಆದಿಕಾಂಡದ 26ನೇ ಅಧ್ಯಾಯದಲ್ಲಿ ಇಸಾಕ ತೋಡಿದ ಎರಡು ಬಾವಿಗೆ ಜಗಳ ಬೀಳುತ್ತದೆ. ಅವನು ಬಿಟ್ಟುಕೊಟ್ಟು ಮೂರನೆಯದನ್ನು ತೋಡುತ್ತಾನೆ. ಆದಿಲಶಾಹಿಗಳು 1620ರಲ್ಲಿ ತಾಜ್ ಬಾವಡಿ ಕಟ್ಟಿದ, ಏತ ನೀರಾವರಿಯಿಂದ ಕೆರೆ ತುಂಬಿಸಲು ಬಬಲೇಶ್ವರದ ರೈತರು ವರ್ಷಗಟ್ಟಲೆ ಕಾದ ಈ ನೆಲದಲ್ಲಿ ಆ ಅಧ್ಯಾಯ ಹಳೆಯ ಕಥೆಯಲ್ಲ, ಬಾಳುವೆಯ ನೀತಿ.

ನನ್ನ ಈ ವಾದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವೂ ಅಲ್ಲ. ಹೋಲಿಕೆ ಪೂರ್ತಿ ಕೂಡುವುದಿಲ್ಲ ಎಂಬುದು ಮೊದಲನೆಯದು. ನಿಜ: ಬೈಬಲ್ಲಿನ ನಾಡಿನ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ, ಹಣ್ಣು ಬೇಸಿಗೆಯ ಕೊನೆಗೆ, ನಮ್ಮಲ್ಲಿ ಆ ನಿದ್ರೆ ಇಲ್ಲದ್ದರಿಂದಲೇ ಏಪ್ರಿಲ್ಲಿಗೊಂದು, ಅಕ್ಟೋಬರಿಗೊಂದು ಚಾಟಣಿ. ಆದರೆ ತಿಂಗಳು ಬೇರೆಯಾದರೂ ಕತ್ತರಿಯ ನ್ಯಾಯ ಒಂದೇ. ಎರಡನೆಯ ಆಕ್ಷೇಪ: ದೇವರ ವಾಕ್ಯವನ್ನು ಬೇಸಾಯದ ಪಾಠ ಮಾಡಬೇಡಿ. ಅದಕ್ಕೆ ಉತ್ತರ ಯೇಸುವಿನ ಸಾಮ್ಯಗಳಲ್ಲೇ ಇದೆ. ಬಿತ್ತುವವನು, ದಿನಗೂಲಿಗೆ ನಿಂತ ಆಳುಗಳು, ಹುದುಗಿಸಿದ ಹಿಟ್ಟು, ಇವನ್ನೇ ಹಿಡಿದು ಅವನು ಪರಲೋಕ ರಾಜ್ಯವನ್ನು ತಿಳಿಸಿದ. ಕಣ್ಣಿಗೆ ಕಾಣುವುದು ತಿಳಿಯದವನಿಗೆ ಕಾಣದ್ದನ್ನು ಹೇಗೆ ತಿಳಿಸುವುದು?

ನೆಲಕ್ಕೆ ಇಷ್ಟು ಅಂಟಿಕೊಂಡರೆ ನಂಬಿಕೆ ತೆಳುವಾದೀತು ಎನ್ನುವವರೂ ಇದ್ದಾರೆ. ಅವರು ಉತ್ತಂಗಿ ಚನ್ನಪ್ಪನವರನ್ನು ನೆನೆಯಲಿ. ಬಾಸೆಲ್ ಮಿಶನ್ನು 1837ರಲ್ಲಿ ಧಾರವಾಡಕ್ಕೆ, 1851ರಲ್ಲಿ ನೇಕಾರರ ಗುಳೇದಗುಡ್ಡಕ್ಕೆ ಬಂದು ಬೆಳೆಸಿದ ಸಭೆಗಳ ಪರಂಪರೆಯವರು ಅವರು; ಕ್ರೈಸ್ತ ಬೋಧಕರಾಗಿದ್ದುಕೊಂಡೇ ಊರೂರು ತಿರುಗಿ ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು, 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಈ ಮಣ್ಣಿನ ಮಾತನ್ನು ಪ್ರೀತಿಸಿದ್ದರಿಂದ ಅವರ ವಿಶ್ವಾಸ ತೆಳುವಾಗಲಿಲ್ಲ, ನೆರೆಯವರಿಗೆ ಅರ್ಥವಾಯಿತು.

ಉಳಿದದ್ದು ಮನೆಯ ಆಕ್ಷೇಪ, ಅದೇ ಎಲ್ಲಕ್ಕಿಂತ ತೂಕದ್ದು. ಮಕ್ಕಳನ್ನು ರಜೆಯ ಬೈಬಲ್ ಶಾಲೆಯಾದ ವಿಬಿಎಸ್‌ಗೆ ಕಳಿಸುತ್ತೇವಲ್ಲ, ಮನೆಯಲ್ಲಿ ಮತ್ತೇಕೆ ಎನ್ನುತ್ತಾರೆ. ವಿಬಿಎಸ್ ಒಳ್ಳೆಯದೇ, ಹಾಡು, ಆಟ, ಬಾಯಿಪಾಠದ ವಚನ ಅಲ್ಲಿ ಸಿಗುತ್ತವೆ. ಅಪ್ಪ ಸ್ವತಃ ಓದಿ, ಗೊತ್ತಿಲ್ಲದ್ದನ್ನು ಅಜ್ಜನನ್ನು ಕೇಳುವ ನೋಟ ಮಾತ್ರ ಮನೆಯಲ್ಲೇ ಸಿಗಬೇಕು. ಇನ್ನು ಬಿಸಿಲಲ್ಲಿ ಒಲೆ ಮುಂದೆ ರೊಟ್ಟಿ ಬಡಿದು, ನಳ ಬರುವ ಹೊತ್ತಿಗೆ ನೀರು ತುಂಬಿ ದಣಿದ ತಾಯಿಯ ಹೆಗಲಿಗೆ ಕುಟುಂಬ ಪ್ರಾರ್ಥನೆಯ ಹೊಣೆಯನ್ನೂ ಹೊರಿಸುವುದು ಅನ್ಯಾಯ. ಓದು ಗಂಡಸರ, ಮಕ್ಕಳ ಪಾಲಿಗಿರಲಿ. ಆಕೆ ಕೂತು ಕೇಳಲಿ.

ಹಾಗಾಗಿ ಕ್ರೈಸ್ತ ಮನೆಗಳಿಗೆ ನನ್ನ ಕೋರಿಕೆ ಇಷ್ಟೇ. ಊಟವಾದ ಮೇಲೆ ಮಾಳಿಗೆಯ ಮೇಲೆ ಹಾಸಿಗೆ ಹಾಸುವ ಮುನ್ನ ಹದಿನೈದು ನಿಮಿಷ ಓದಿ. ಸುವಾರ್ತೆಯ ಕೊನೆಯ ಅಧ್ಯಾಯಗಳಿಂದ ತೊಡಗಿ, ರೂತಳ ನಾಲ್ಕೇ ಅಧ್ಯಾಯ, ಬಾವಿಯ ಕಥೆಗಳು, ಪಂಚಾಶತ್ತಮಕ್ಕೆ ಅಪೊಸ್ತಲರ ಕೃತ್ಯಗಳ ಎರಡನೆಯ ಅಧ್ಯಾಯ. ಏಪ್ರಿಲ್ಲಿನಲ್ಲಿ ಒಂದು ದಿನ ಮಕ್ಕಳನ್ನು ತಿಕೋಟಾದ ಯಾವುದಾದರೂ ತೋಟಕ್ಕೆ ಕರೆದುಕೊಂಡು ಹೋಗಿ, ಚಾಟಣಿ ನಡೆಯುವುದನ್ನು ತೋರಿಸಿ, ಅಲ್ಲೇ ಆ 15ನೇ ಅಧ್ಯಾಯವನ್ನು ಅವರಿಂದಲೇ ಓದಿಸಿ.