ಸಾಧಾರಣವಲ್ಲದ ಕಾಲ

ಕ್ರೈಸ್ತರ ಪೂಜಾವರ್ಷ ಧರ್ಮಶಾಸ್ತ್ರದ ವಿಷಯವೆಂದು ನಮ್ಮ ಸಾಹಿತ್ಯವಿಮರ್ಶೆ ಅದರ ತಂಟೆಗೆ ಹೋಗುವುದಿಲ್ಲ. ಆದರೆ ವಾರವಾರವೂ ಸಭೆ ಸೇರಿದ ಜನ ಒಕ್ಕೊರಲಿನಿಂದ ಆಡುವ ಕನ್ನಡ ಅದು. ಅದರ ಗುಣದೋಷ ನೋಡುವುದು ವಿಮರ್ಶಕನ ಕೆಲಸವೂ ಹೌದು.

1963ರ ಡಿಸೆಂಬರಿನಲ್ಲಿ ವ್ಯಾಟಿಕನ್ ಮಹಾಸಭೆ ದೇಶಭಾಷೆಗಳಿಗೆ ಬಾಗಿಲು ತೆರೆದ ಮೇಲೆ ಕಥೋಲಿಕರ ಬಲಿಪೂಜೆ ಲ್ಯಾಟಿನ್ನಿನಿಂದ ಕನ್ನಡಕ್ಕೆ ಬಂದಿತು. (ಬಾಸೆಲ್ ಮಿಷನ್ನಿನ ಸಭೆಗಳು ಕನ್ನಡದಲ್ಲಿ ಹಾಡತೊಡಗಿ ಆಗಲೇ ನೂರು ವರ್ಷ ಮೀರಿತ್ತು.) ಪೂಜೆಯ ಋತುಗಳಿಗೂ ಕನ್ನಡ ಹೆಸರು ಬೇಕಾಯಿತು. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳದು ‘ಆಗಮನ ಕಾಲ’, ಒಳ್ಳೆಯ ಮಾತು. ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ‘ತಪಸ್ಸು ಕಾಲ’ ಇನ್ನೂ ಒಳ್ಳೆಯದು. ಇಂಗ್ಲಿಷಿನ ‘ಲೆಂಟ್’ ಎಂಬುದರ ಮೂಲಾರ್ಥ ವಸಂತ. ನಮ್ಮವರು ಅದನ್ನು ಬಿಟ್ಟು ತಪಸ್ಸನ್ನು ಹಿಡಿದರು. ಭದ್ರಾವತಿಯ ಮಾರ್ಚ್ ತಿಂಗಳ ಬಿಸಿಲನ್ನು ಬಲ್ಲವರಿಗೆ ಈ ಆಯ್ಕೆಯ ಔಚಿತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ದಿನಗಳಲ್ಲಿ ಸಭೆ ‘ಅಲ್ಲೆಲೂಯ’ ಎಂಬ ಉದ್ಗಾರವನ್ನು ನಾಲಿಗೆಯಲ್ಲೇ ತಡೆದಿಡುತ್ತದೆ. ಈಸ್ಟರಿನಲ್ಲಿ ಅದು ಮತ್ತೆ ಹೊಮ್ಮುತ್ತದೆ. ಈಸ್ಟರೂ ಚಂದ್ರನನ್ನು ನೋಡಿಯೇ ಬರುವ ಹಬ್ಬ: 2023ರಲ್ಲಿ ಚೈತ್ರದ ಹುಣ್ಣಿಮೆಯ ಬೆನ್ನಿಗೆ ಬಂದಿತು, 2024ರಲ್ಲಿ ಹೋಳಿ ಹುಣ್ಣಿಮೆಯ ಬೆನ್ನಿಗೆ.

ಭಾಷೆ ಎಡವಿದ್ದು ಮಳೆಗಾಲದಲ್ಲಿ. ಪೆಂತೆಕೋಸ್ತ್ ಹಬ್ಬ ಮುಗಿದ ಮೇಲೆ ನವೆಂಬರಿನ ಕೊನೆಯವರೆಗೂ ಒಂದೇ ಕಾಲ. ಅದರ ಹೆಸರು ‘ಸಾಧಾರಣ ಕಾಲ’. ಲ್ಯಾಟಿನ್ ಮೂಲ ಹೇಳುವುದು ‘ವರ್ಷದುದ್ದಕ್ಕೂ’ ಎಂದಷ್ಟೆ. ಕನ್ನಡದ ಹೆಸರಿನಲ್ಲಿ ಇಂಗ್ಲಿಷಿನ ನೆರಳು ಎದ್ದು ಕಾಣುತ್ತದೆ. ಶಿವಮೊಗ್ಗದಿಂದ ಸಾಗರದ ದಾರಿ ಹಿಡಿದವರು ಜುಲೈ ತಿಂಗಳಲ್ಲಿ ಆಯನೂರಿನ ಆಸುಪಾಸು ಬಸ್ಸಿನ ಕಿಟಕಿಯಿಂದ ಇಣುಕಿ ನೋಡಲಿ: ಕೆಸರುಗದ್ದೆ, ಬಾಗಿದ ಬೆನ್ನುಗಳು, ಸಸಿಮಡಿಯ ಹಸುರು. ವರ್ಷದ ಅನ್ನ ನಿರ್ಧಾರವಾಗುವ ಈ ದಿನಗಳನ್ನು ಯಾವ ರೈತ ಸಾಧಾರಣವೆಂದಾನು? ಸೋಜಿಗವೆಂದರೆ, ಈ ಕಾಲದಲ್ಲಿ ಗುರುಗಳು ತೊಡುವ ಪೂಜಾವಸ್ತ್ರದ ಬಣ್ಣವೂ ಹಸುರೇ!

ಹೆಸರಿನಲ್ಲೇನಿದೆ ಎನ್ನುವವರಿದ್ದಾರೆ. ಕರಾವಳಿಯ ಕೊಂಕಣಿ ಕಥೋಲಿಕರು ಸೆಪ್ಟೆಂಬರ್ 8ರ ಮರಿಯಮ್ಮನವರ ಜನ್ಮದಿನದಂದು ಹೊಸ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವದಿಸಿಕೊಂಡು ಮನೆಗೆ ಒಯ್ದು ಊಟ ಮಾಡುತ್ತಾರೆ. ಆ ನೀಳವಾದ ಕಾಲದಲ್ಲಿ ತಮ್ಮ ಗದ್ದೆಗೊಂದು ಜಾಗವನ್ನು ಜನ ತಾವೇ ಮಾಡಿಕೊಂಡರು. 1988ರಿಂದ ಶಿವಮೊಗ್ಗವೇ ಒಂದು ಧರ್ಮಪ್ರಾಂತ. ಮಲೆನಾಡಿನ ಮಳೆಗಾಲಕ್ಕೆ ತಕ್ಕ ಮಾತನ್ನು ಇಲ್ಲಿಂದ ನಿರೀಕ್ಷಿಸುವುದು ಅತಿಯಾಸೆಯೇನಲ್ಲ. ‘ಬೆಳೆಯ ಕಾಲ’ ಎಂದರೆ ಆಗದೆ? ಇದೇ ಕಾಲದ ಕೆಲವು ವಾರಗಳು ಜನವರಿಯಲ್ಲೂ ಬರುತ್ತವಲ್ಲ ಎಂಬ ತಕರಾರು ಏಳಬಹುದು. ಏಳಲಿ, ಅವು ನಮ್ಮಲ್ಲಿ ಸುಗ್ಗಿಯ ವಾರಗಳು.