ನಲವತ್ತು ನಿಮಿಷದ ಅಭಿಪ್ರಾಯ

ಪರೀಕ್ಷೆಯ ಗೈಡುಗಳನ್ನು ಯಾರೂ ಸಾಹಿತ್ಯವೆಂದು ಓದುವುದಿಲ್ಲ. ವಿಮರ್ಶಕರಂತೂ ಅವುಗಳ ಕಡೆ ತಿರುಗಿಯೂ ನೋಡುವುದಿಲ್ಲ. ಆದರೆ ನಾನು ಕಂಡ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿ ಯಾವ ಕಾದಂಬರಿಯನ್ನೂ ಓದದಷ್ಟು ಶ್ರದ್ಧೆಯಿಂದ, ಸಾಲುಸಾಲಿಗೂ ಗೆರೆ ಎಳೆದು ಓದುತ್ತಿರುವುದು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಗೈಡುಗಳನ್ನು. ನರ್ಸ್ ಆಗಿ ಬ್ರಿಟನ್ನಿಗೆ ಹೊರಟವರು, ಓದಲು ಆಸ್ಟ್ರೇಲಿಯಕ್ಕೆ ಹೊರಟವರು, ಎಲ್ಲರ ಚೀಲದಲ್ಲೂ ಅವೇ. ಅಷ್ಟು ಓದಿಸಿಕೊಳ್ಳುವ ಪುಸ್ತಕಗಳನ್ನು ಪುಸ್ತಕಗಳೆಂದೇ ತಿಳಿದು ಒಮ್ಮೆ ತೂಗಿ ನೋಡಬೇಕು ಎನಿಸಿತು.

1989ರಲ್ಲಿ ಆರಂಭವಾದ ಈ ಪರೀಕ್ಷೆಯಲ್ಲಿ ನಾಲ್ಕು ಭಾಗಗಳಿವೆ: ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು. ಪಾಸು-ಫೇಲು ಎಂಬುದಿಲ್ಲ, 9ರವರೆಗಿನ ಅಳತೆ. ಬರವಣಿಗೆಗೆ ಒಂದು ಗಂಟೆ. ಅದರಲ್ಲಿ ಎರಡನೆಯ ಪ್ರಶ್ನೆಗೆ ಸುಮಾರು 40 ನಿಮಿಷ, ಕನಿಷ್ಠ 250 ಪದಗಳ ಪ್ರಬಂಧ. ಪಟ್ಟಣದಲ್ಲಿ ಬಾಳುವುದು ಒಳ್ಳೆಯದೋ ಹಳ್ಳಿಯಲ್ಲೋ, ಮಕ್ಕಳಿಗೆ ಶಿಸ್ತು ಕಲಿಸಬೇಕಾದವರು ತಾಯ್ತಂದೆಯರೋ ಶಾಲೆಯೋ ಎಂಬಂಥ ಒಂದು ಮಾತು ಮುಂದಿಟ್ಟು, ನೀವು ಇದನ್ನು ಎಷ್ಟರಮಟ್ಟಿಗೆ ಒಪ್ಪುತ್ತೀರಿ ಎಂದು ಕೇಳುತ್ತಾರೆ. ಕಷ್ಟವಿರುವುದು ಆ 'ನೀವು' ಎಂಬ ಪದದಲ್ಲಿ.

ನಾನು ನೋಡಿದ ಗೈಡುಗಳಲ್ಲಿ ಹೆಚ್ಚಿನವು ಆ ಪದವನ್ನು ದಾಟಿಯೇ ಹೋಗುತ್ತವೆ. ಅವು ಕೊಡುವುದು ಅಚ್ಚುಗಳನ್ನು. ಈ ವಿಷಯ ಇಂದು ಬಹಳ ಚರ್ಚೆಯಲ್ಲಿದೆ, ಇದಕ್ಕೆ ಎರಡು ಮುಖಗಳಿವೆ, ಒಟ್ಟಿನಲ್ಲಿ ಹೇಳುವುದಾದರೆ... ನಡುವಿನ ಖಾಲಿ ಜಾಗದಲ್ಲಿ ವಿಷಯದ ಹೆಸರು ತುಂಬಿದರೆ ಪ್ರಬಂಧ ಸಿದ್ಧ. ಸಾರಿಗೂ ಪಾಯಸಕ್ಕೂ ಒಂದೇ ಒಗ್ಗರಣೆ ಹಾಕಿದ ಹಾಗೆ! ಇದರಿಂದ ಅಂಕವಾದರೂ ಬರುತ್ತದೆಯೇ ಎಂದರೆ, ಅದೂ ಕಷ್ಟ. ಬರವಣಿಗೆಯನ್ನು ತೂಗುವ ಅಂಶಗಳು ನಾಲ್ಕು: ಕೇಳಿದ್ದಕ್ಕೆ ಉತ್ತರಿಸಿದ್ದೀರಾ, ವಿಚಾರಗಳು ಒಂದಕ್ಕೊಂದು ಹೊಂದಿವೆಯೇ, ಪದಸಂಪತ್ತು ಎಷ್ಟು, ವ್ಯಾಕರಣ ಹೇಗಿದೆ. ನಾಲ್ಕಕ್ಕೂ ಸಮಪಾಲು. ಬಾಯಿಪಾಠದ ಸಾಲುಗಳನ್ನು ಗುರುತಿಸುವುದಕ್ಕೆ ಪರೀಕ್ಷಕರಿಗೆ ತರಬೇತಿಯೇ ಇದೆ.

ಹಾಗಾದರೆ ಈ ಅಚ್ಚುಗಳು ನಮ್ಮ ಹುಡುಗಿಯರಿಗೆ ಅಷ್ಟು ಪ್ರಿಯವೇಕೆ? ಪ್ರಬಂಧ ತಿದ್ದಿಸಲು ನನ್ನ ಬಳಿ ಬರುತ್ತಿದ್ದ ಒಬ್ಬಳು ನರ್ಸ್, ಹೆಂಗಸರು ರಾತ್ರಿಪಾಳಿ ಮಾಡಬಹುದೇ ಎಂಬ ಬಗ್ಗೆ ಬರೆದಿದ್ದಳು. ತಪ್ಪಿಲ್ಲದ ಇಂಗ್ಲಿಷ್, ಹುರುಳಿಲ್ಲದ ಪ್ರಬಂಧ.

"ನಿನಗೇನನ್ನಿಸುತ್ತಮ್ಮಾ?" ಎಂದೆ.

"ಯಾವ ಕಡೆ ಬರೆದ್ರೆ ಮಾರ್ಕ್ಸ್ ಜಾಸ್ತಿ, ಆಂಟಿ?"

ಯಾವ ಕಡೆಯಾದರೂ ಒಂದೇ, ಕಾರಣ ಕೊಟ್ಟರೆ ಸಾಕು ಎಂದರೆ ಅವಳು ನಂಬಲೇ ಇಲ್ಲ. ರಾತ್ರಿಪಾಳಿಯನ್ನು ವರ್ಷಗಟ್ಟಲೆ ಮಾಡಿದವಳು ಅವಳು. ಕನ್ನಡದಲ್ಲೇ ಹೇಳು ಎಂದಾಗ, ಬೆಳಗಿನ ಜಾವದ ಬಸ್ಸಿನ ಭಯ, ಹಗಲು ಮಲಗಿದರೆ ಅತ್ತೆಯ ಗೊಣಗಾಟ, ಆದರೂ ರಾತ್ರಿ ವಾರ್ಡಿನಲ್ಲಿ ತಾನೇ ನಿರ್ಧಾರ ತೆಗೆದುಕೊಳ್ಳುವಾಗಿನ ಹೆಮ್ಮೆ, ಎಲ್ಲವನ್ನೂ ಹತ್ತು ನಿಮಿಷ ಹೇಳಿದಳು. ಪ್ರಬಂಧ ಅಲ್ಲೇ ಇತ್ತು. ಅದನ್ನು ಅವಳಿಂದ ಯಾರೂ ಕೇಳಿರಲಿಲ್ಲ, ಅಷ್ಟೆ. ಸೀರೆಯ ಬಣ್ಣ ಕೇಳಿದರೂ "ನಿಮಗೆ ಇಷ್ಟವಾದ್ದೇ ಆಗಲಿ" ಎನ್ನುವುದನ್ನು ಗುಣವೆಂದು ಕಲಿಸಿ ಬೆಳೆಸಿದವರು ನಾವು. ಅಂಥವಳಿಗೆ ಎರವಲು ಅಭಿಪ್ರಾಯವನ್ನೇ ಕಟ್ಟಿಕೊಡುವ ಪುಸ್ತಕ ಹಿತವಾಗದೆ ಇರುತ್ತದೆಯೇ?

ಇದರ ಬೆಲೆ ಸಣ್ಣದಲ್ಲ. ಬ್ರಿಟನ್ನಿನ ನರ್ಸಿಂಗ್ ಮಂಡಳಿ ನಾಲ್ಕೂ ಭಾಗಗಳಲ್ಲಿ 7 ಕೇಳುತ್ತಿತ್ತು. 2018ರ ಕೊನೆಗೆ ಬರವಣಿಗೆಗೆ ಮಾತ್ರ 6.5 ಸಾಕೆಂದಿತು. ಆ ಅರ್ಧ ಅಂಕದಾಚೆ ಒಂದು ಕೆಲಸ, ಒಂದು ಸಂಸಾರದ ಸಾಲ ನಿಂತಿರುತ್ತದೆ. ಗಂಡನ ಬಳಿ ಹೋಗುವವರಿಗೂ ಬ್ರಿಟನ್ 2010ರ ನವೆಂಬರಿನಲ್ಲಿ ಇಂಗ್ಲಿಷ್ ಮಾತಿನ ನಿಯಮ ತಂದಿತು. ಅದು ಸರಳ ಮಾತುಕತೆಯ ಬೇರೆಯೇ ಪರೀಕ್ಷೆ. ಕಾನೂನು ಗಂಡು-ಹೆಣ್ಣೆಂದು ಭೇದ ಮಾಡುವುದಿಲ್ಲ, ನಿಜ. ಆದರೆ ಮದುವೆಯಾಗಿ ಊರು ಬಿಟ್ಟು ಹೋಗುವವಳು ನಮ್ಮಲ್ಲಿ ಹೆಚ್ಚಾಗಿ ಹೆಣ್ಣೇ ತಾನೆ?

ಗೈಡುಗಳು ಅರ್ಧ ಪುಟದಲ್ಲಿ ಮುಗಿಸಿಬಿಡುವ ಇನ್ನೊಂದು ಸಂಗತಿ, ಕಾಗದವೋ ಕಂಪ್ಯೂಟರೋ ಎಂಬುದು. ನಿಮಗೆ ಅನುಕೂಲವಾದದ್ದನ್ನು ಆರಿಸಿ ಎನ್ನುತ್ತವೆ. ಕಾಗದದ ಪದ್ಧತಿಯಲ್ಲಿ, ಕೇಳಿದ್ದರ ಉತ್ತರಗಳನ್ನು ಉತ್ತರಪತ್ರಿಕೆಗೆ ಇಳಿಸಲು 10 ನಿಮಿಷ ಸಿಗುತ್ತಿತ್ತು. ಕಂಪ್ಯೂಟರಿನಲ್ಲಿ ಪರಿಶೀಲಿಸಲು 2 ನಿಮಿಷ ಮಾತ್ರ. ಬದಲಿಗೆ ಅಲ್ಲಿ ಪದಗಳ ಎಣಿಕೆ ತಾನಾಗಿ ಕಾಣುತ್ತದೆ, ಬರೆದದ್ದನ್ನು ಅಳಿಸಿ ಮೇಲೆ-ಕೆಳಗೆ ಮಾಡಬಹುದು. ಆದರೆ ಈ ಅನುಕೂಲ ಯಾರಿಗೆ? ಮನೆಯ ಕಂಪ್ಯೂಟರು ಅಣ್ಣನ ಕೋಣೆಯಲ್ಲಿದ್ದು, ತಂಗಿಯ ಬೆರಳು ಮೊಬೈಲಿನಾಚೆ ಪಳಗಿರದಿದ್ದರೆ, ಅಕ್ಷರ ಹುಡುಕುವುದರಲ್ಲೇ ಅವಳ 40 ನಿಮಿಷ ಕರಗುತ್ತದೆ. ಕಾಗದ ಹಿಂದೆ ಸರಿದು ಕಂಪ್ಯೂಟರು ಮುಂದೆ ಬರುತ್ತಿರುವ ಈ ದಿನಗಳಲ್ಲಿ ಇದು ಆಯ್ಕೆಯ ಮಾತಾಗಿ ಉಳಿದಿಲ್ಲ.

ಓದಲು ಯೋಗ್ಯವಾದವು ಇಲ್ಲವೆಂದಲ್ಲ. ಪ್ರಶ್ನೆಗಳನ್ನು ರೂಪಿಸುವ ಕೇಂಬ್ರಿಜ್‌ನವರೇ ಪ್ರಶ್ನೆಪತ್ರಿಕೆಗಳ ಸಂಪುಟಗಳನ್ನು ತಂದಿದ್ದಾರೆ. ಅವುಗಳ ಕೊನೆಯ ಪುಟಗಳು ನನಗೆ ಇಷ್ಟ. ಅಲ್ಲಿ ಅಭ್ಯರ್ಥಿಗಳ ಉತ್ತರಗಳನ್ನು ತಪ್ಪುಗಳ ಸಮೇತ ಅಚ್ಚುಹಾಕಿ, ಬಂದ ಅಂಕವನ್ನೂ ಪರೀಕ್ಷಕರ ಟಿಪ್ಪಣಿಯನ್ನೂ ಕೊಟ್ಟಿರುತ್ತಾರೆ. ಎಡವುತ್ತ ಬರೆದ ಆ ಸಾಲುಗಳ ಹಿಂದೆ ಒಬ್ಬ ಮನುಷ್ಯ ಕಾಣುತ್ತಾನೆ. ಗೈಡಿನ ನುಣುಪಾದ ಮಾದರಿ ಉತ್ತರದ ಹಿಂದೆ ಯಾರೂ ಇರುವುದಿಲ್ಲ.

ಮಗಳನ್ನೋ ಸೊಸೆಯನ್ನೋ ಈ ಪರೀಕ್ಷೆಗೆ ಕೂರಿಸುವ ಗೆಳತಿಯರಿಗೆ ನಾನು ಹೇಳುವುದು ಇಷ್ಟು. ದಿನಕ್ಕೊಂದು ಪ್ರಶ್ನೆಗೆ ಮೊದಲು ಕನ್ನಡದಲ್ಲಿ ಅವಳ ಅಭಿಪ್ರಾಯ ಕೇಳಿ. ಒಂದು ಕಾರಣ, ಅವಳ ಬದುಕಿನದೇ ಒಂದು ಉದಾಹರಣೆ ಹೇಳಲಿ. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ, ಗಡಿಯಾರ ಮುಂದಿಟ್ಟುಕೊಂಡು, ಟೈಪ್ ಮಾಡಲಿ. ಕಂಪ್ಯೂಟರನ್ನು ಅಷ್ಟು ಹೊತ್ತು ಅಣ್ಣನಿಂದ ಬಿಡಿಸಿಕೊಡುವ ಕೆಲಸ ನಿಮ್ಮದು. ಅವಳು ಹೇಳಿದ್ದು ನಿಮಗೆ ಒಪ್ಪಿಗೆಯಾಗದಿದ್ದರೂ ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳಿ.