ತಕರಾರಿನ ಕಟ್ಟು

ಕವಿಯೊಬ್ಬ ಗಾಂಧಿ ಬಜಾರಿನಲ್ಲಿ ಹೂಕೋಸು ಆರಿಸುತ್ತಾ ನಿಂತಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ಅವನ ಪುಸ್ತಕದ ಯೋಗ್ಯತೆ ಯಾವುದೋ ಭಾನುವಾರದ ಪುರವಣಿಯ ಮೂಲೆಯಲ್ಲಿ, ಆರು ತಿಂಗಳು ತಡವಾಗಿ ತೀರ್ಮಾನವಾಗುತ್ತದೆ. ನಟನ ಹಣೆಬರಹ ಬೇರೆ. ಅವನ ಆತ್ಮಕಥೆಯ ವಿಮರ್ಶೆ ತರಕಾರಿ ತಕ್ಕಡಿಯ ಮುಂದೆಯೇ ನಡೆದುಹೋಗುತ್ತದೆ. ‘ಸಾರ್, ನಿಮ್ಮ ಪುಸ್ತಕ ಓದ್ದೆ. ಎಲ್ಲಾ ಸರಿ, ನಮ್ಮೂರಿಗೆ ಬಂದಿದ್ದನ್ನೇ ಬಿಟ್ಬಿಟ್ಟಿದ್ದೀರಲ್ಲ!’ ಮುಖಪರಿಚಯ ಇರುವವನನ್ನು ತಡೆದು ನಿಲ್ಲಿಸುವ ಹಕ್ಕು ಬಸವನಗುಡಿಯಲ್ಲಿ ಎಲ್ಲರಿಗೂ ಇದೆ.

ರಂಗಭೂಮಿಯವರ, ಸಿನಿಮಾದವರ ಆತ್ಮಕಥೆಗಳನ್ನು ಕೂಡಿಹಾಕುವ ಚಟ ನನಗೆ ಹತ್ತಿ ಬಹಳ ಕಾಲವಾಯಿತು. ಗುಬ್ಬಿ ವೀರಣ್ಣನವರ ‘ಕಲೆಯೇ ಕಾಯಕ’ದಿಂದ ಹಿಡಿದು ಮೊನ್ನೆ ಮೊನ್ನೆ ಬಂದವುಗಳವರೆಗೆ ಒಂದು ಕಪಾಟು ತುಂಬಿದೆ. ಈಚೆಗೆ ಈ ಚಟ ಒಂದು ಹೆಜ್ಜೆ ಮುಂದಕ್ಕೆ ಹೋಗಿದೆ. ಪುಸ್ತಕಕ್ಕಿಂತ ಅದನ್ನು ಓದಿದವರು ಏನೆಂದರು ಎಂಬುದರ ಮೇಲೆ ಕಣ್ಣು.

ಬಿಡುಗಡೆ ಸಮಾರಂಭದಲ್ಲಿ ಅದು ಸಿಗುವುದಿಲ್ಲ. ಬಿ.ಪಿ. ವಾಡಿಯಾ ರಸ್ತೆಯ ವಿಶ್ವ ಸಂಸ್ಕೃತಿ ಸಂಸ್ಥೆಯಲ್ಲಾಗಲಿ, ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನಲ್ಲಾಗಲಿ, ಭಾನುವಾರ ಬೆಳಿಗ್ಗೆ ಉಪ್ಪಿಟ್ಟು, ಕೇಸರಿಬಾತು ಮುಗಿಸಿ ಕುಳಿತವರಲ್ಲಿ ಪುಸ್ತಕ ಓದಿದವರು ಇಬ್ಬರೋ ಮೂವರೋ. ವೇದಿಕೆಯ ಮೇಲಿದ್ದವರನ್ನು ಆ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕೇ ಬೇಡವೇ ಎಂಬುದು ಅವರವರ ಆತ್ಮಸಾಕ್ಷಿಗೆ ಬಿಟ್ಟದ್ದು. ಅಲ್ಲಿ ಬೀಳುವ ಚಪ್ಪಾಳೆ ನಟನಿಗೆ; ಬರಹಗಾರ ಇನ್ನೂ ಹುಟ್ಟಿರುವುದಿಲ್ಲ. ನಿಜವಾದ ಓದುಗ ಎರಡು ತಿಂಗಳ ಮೇಲೆ ಎದುರಾಗುತ್ತಾನೆ. ಕಾದಂಬರಿ ಓದಿದವನು ‘ಚೆನ್ನಾಗಿದೆ’ ಎಂದೋ ‘ಎಳೆದಿದ್ದೀರಿ’ ಎಂದೋ ಹೇಳಿ ಹೋಗುತ್ತಾನೆ. ನಟನ ಆತ್ಮಕಥೆ ಓದಿದವನ ಮಾತು ಶುರುವಾಗುವುದೇ ‘ನಾನೂ ಅವತ್ತು ಅಲ್ಲಿದ್ದೆ’ ಎಂದು.

ಇಲ್ಲಿಯ ರಂಗಭೂಮಿ ಬೆಳೆದ ರೀತಿಯೇ ಹಾಗಿತ್ತು. ಬೆಂಗಳೂರಿನ ಹವ್ಯಾಸಿ ನಾಟಕವೆಂದರೆ ಬ್ಯಾಂಕು, ಎಜಿ ಆಫೀಸು, ಎಚ್‌ಎಂಟಿ, ಐಟಿಐಗಳಿಂದ ಸಂಜೆ ಬಿಡುಗಡೆ ಪಡೆದು ತಾಲೀಮಿಗೆ ಓಡುತ್ತಿದ್ದವರ ನಾಟಕ. ಆಡುವವರಿಗೂ ನೋಡುವವರಿಗೂ ನಡುವೆ ಗೋಡೆ ತೆಳುವಾಗಿತ್ತು. ಇವತ್ತು ಟಿಕೆಟ್ ಹರಿದವನು ನಾಳೆ ಸೇನಾಧಿಪತಿ. ಭಾರ್ಗವಿ ನಾರಾಯಣ್ ಅವರ ಆತ್ಮಕಥೆ ಈ ಲೋಕದ ಪುಸ್ತಕ. ಗಾಂಧಿ ಬಜಾರಿನ ಅಂಕಿತ ಪುಸ್ತಕ ಅದನ್ನು ಹೊರತಂದಿತು. ಆಕೆ ಇಎಸ್‌ಐ ಕಚೇರಿಯ ಕೆಲಸ, ನಾಲ್ಕು ಮಕ್ಕಳ ಸಂಸಾರ, ನಾಟಕ, ಸಿನಿಮಾ ಇಷ್ಟನ್ನೂ ನಡೆಸಿಕೊಂಡು ಬಂದವರು; ‘ಪ್ರೊಫೆಸರ್ ಹುಚ್ಚೂರಾಯ’ದ ಪಾತ್ರಕ್ಕೆ ರಾಜ್ಯ ಪ್ರಶಸ್ತಿ ಪಡೆದವರು. ಗಂಡ ಮೇಕಪ್ ನಾಣಿ, ಅರ್ಧ ಬೆಂಗಳೂರಿನ ನಟರ ಮುಖಕ್ಕೆ ಬಣ್ಣ ಬಳಿದವರು. 2022ರ ಫೆಬ್ರವರಿಯಲ್ಲಿ ಆಕೆ ತೀರಿಕೊಂಡಾಗ ಪತ್ರಿಕೆಗಳು ಧಾರಾವಾಹಿಯ ಅಜ್ಜಿಯನ್ನು ನೆನೆದವು. ಪುಸ್ತಕ ಓದಿದ್ದವರು ನೆನೆದದ್ದು ಬೇರೆಯವಳನ್ನು. ನನಗೆ ಗೊತ್ತಿರುವ ಇಬ್ಬರು ಗೃಹಿಣಿಯರು ನಾಟಕದ ಅಧ್ಯಾಯಗಳನ್ನು ಸರಸರನೆ ದಾಟಿ, ಆಫೀಸು ಮನೆ ಎರಡನ್ನೂ ಆಕೆ ಹೇಗೆ ಸಂಭಾಳಿಸಿದರು ಎಂಬ ಭಾಗಗಳನ್ನು ಮತ್ತೆ ಮತ್ತೆ ಓದಿದವರು. ಅವರಿಗೆ ಅದು ರಂಗಚರಿತ್ರೆಯೇ ಅಲ್ಲ. ರಂಗಚರಿತ್ರೆ ಬೇಕಾದವರಿಗೆ ಅಡುಗೆಮನೆ ಹೆಚ್ಚಾಯಿತಂತೆ. ನನ್ನ ಮತ ಗೃಹಿಣಿಯರ ಕಡೆಗೆ.

ಗಿರೀಶ ಕಾರ್ನಾಡರ ಪುಸ್ತಕಕ್ಕೆ ಸಿಕ್ಕ ಓದುಗ ಇನ್ನೊಂದು ಬಗೆಯವನು. ಧಾರವಾಡದ ಮನೋಹರ ಗ್ರಂಥಮಾಲೆ 2011ರಲ್ಲಿ ‘ಆಡಾಡತ ಆಯುಷ್ಯ’ವನ್ನು ತಂದಾಗ ಜನ ಮೊದಲು ಮಾತಾಡಿದ್ದು ‘ತುಘಲಕ್’ ಬಗ್ಗೆಯೂ ಅಲ್ಲ, ‘ಸಂಸ್ಕಾರ’ದ ಪ್ರಾಣೇಶಾಚಾರ್ಯನ ಬಗ್ಗೆಯೂ ಅಲ್ಲ, ಆರಂಭದ ಆ ಒಂದು ಪ್ರಸಂಗದ ಬಗ್ಗೆ. ಗಿರೀಶ ಹೊಟ್ಟೆಯಲ್ಲಿದ್ದಾಗ ಬೇಡವೆಂದು ತಾಯಿ ಪುಣೆಯ ಡಾಕ್ಟರರ ಬಳಿ ಹೋಗಿ ಕಾದದ್ದು, ಅವತ್ತು ಆ ಡಾಕ್ಟರು ಬಾರದೇ ಹೋದದ್ದು. ಪುಸ್ತಕವನ್ನು ಅರ್ಪಿಸಿರುವುದೂ ಆ ಡಾಕ್ಟರಿಗೇ, ಮಧುಮಾಲತಿ ಗುಣೆ ಅವರಿಗೆ. ಈ ಪುಟಗಳನ್ನು ಓದಿದ ನಮ್ಮ ಬೀದಿಯ ಹಿರಿಯರೊಬ್ಬರು ನಾಲ್ಕು ದಿನ ಪುಸ್ತಕ ಮುಚ್ಚಿಟ್ಟಿದ್ದರು. ಹೆತ್ತ ತಾಯಿಯ ಮಾತನ್ನು ಹೀಗೆ ಬೀದಿಗೆ ತರಬಹುದೇ ಎಂಬುದು ಅವರ ಸಿಟ್ಟು. ಐದನೇ ದಿನ ಮತ್ತೆ ತೆಗೆದು ಒಂದೇ ಪಟ್ಟಿನಲ್ಲಿ ಮುಗಿಸಿದರು. ಮುಗಿಸಿ ಕೇಳಿದ ಪ್ರಶ್ನೆ, ಅವರೊಬ್ಬರದಲ್ಲ, ಎಲ್ಲರದೂ: ‘ಎರಡನೇ ಭಾಗ ಯಾವಾಗಂತೆ?’ ಪುಸ್ತಕ ಅರ್ಧ ಆಯುಷ್ಯಕ್ಕೇ ನಿಂತಿತ್ತು. ಎರಡನೇ ಭಾಗ ಬರಲಿಲ್ಲ. 2019ರ ಜೂನ್‌ನಲ್ಲಿ ಕಾರ್ನಾಡರು ಹೋದರು. 2021ರ ಇಂಗ್ಲಿಷ್ ಆವೃತ್ತಿಯ ಕೊನೆಗೆ ಅವರ ಮಕ್ಕಳು ಬರೆದ ಮಾತುಗಳಿವೆ. ಓದುಗರ ಆ ಪ್ರಶ್ನೆಗೆ ಸಿಕ್ಕ ಉತ್ತರ ಅಷ್ಟೇ.

ಅನಂತನಾಗ್ ಅವರ ‘ನನ್ನ ತಮ್ಮ ಶಂಕರ’ ಮಾತ್ರ ಪುಸ್ತಕ ಕೊಳ್ಳುವ ಅಭ್ಯಾಸವೇ ಇಲ್ಲದವರ ಕೈಗೂ ಹೋಯಿತು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಶಂಕರನಾಗ್ ತೀರಿಕೊಂಡ ಅಪಘಾತದ ಸುದ್ದಿ ಕೇಳಿದಾಗ ತಾವು ಎಲ್ಲಿದ್ದೆವು, ಏನು ಮಾಡುತ್ತಿದ್ದೆವು ಎಂದು ಹೇಳಬಲ್ಲವರು ಈ ಊರಿನಲ್ಲಿ ಇನ್ನೂ ಎಷ್ಟೋ ಮಂದಿ ಇದ್ದಾರೆ. ಆಟೋಗಳ ಹಿಂದೆ ಶಂಕರನ ಚಿತ್ರ ಇವತ್ತಿಗೂ ಮಾಸಿಲ್ಲ. ಇಂಥ ಪುಸ್ತಕಕ್ಕೆ ವಿಮರ್ಶೆ ಎಂಬುದೇ ಇರುವುದಿಲ್ಲ. ಅಣ್ಣ ಬರೆದದ್ದನ್ನು ಓದಿದವನು ತನ್ನ ಅಳಲನ್ನೂ ಹೇಳಿಕೊಳ್ಳಲು ಬರುತ್ತಾನೆ, ಅಷ್ಟೆ. ಬರೆದವರು ಕುಳಿತು ಕೇಳಬೇಕು.

ಕೆಲವು ಪುಸ್ತಕಗಳ ಓದುಗನಿಗೆ ಕಾಗದ ಹಾಕಲು ವಿಳಾಸವೇ ಸಿಗುವುದಿಲ್ಲ. ನಟರು ಬಹಳ ಮಂದಿ ಬರೆಯುವುದಿಲ್ಲ, ಹೇಳುತ್ತಾರೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ಬಿ. ಜಯಶ್ರೀ ಅವರ ‘ಕಣ್ಣಾ ಮುಚ್ಚೇ ಕಾಡೇ ಗೂಡೇ’ಗೆ ಪ್ರೀತಿ ನಾಗರಾಜ್ ಕಿವಿಗೊಟ್ಟರು. ಬಿ.ವಿ. ಕಾರಂತರ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ಯನ್ನು ವೈದೇಹಿ ನಿರೂಪಿಸಿದರು, 2002ರಲ್ಲಿ ಕಾರಂತರು ತೀರಿಕೊಂಡ ಮೇಲೆ ಅದು ಓದುಗರ ಕೈಗೆ ಬಂತು. ಮರಾಠಿಯ ಹಂಸಾ ವಾಡಕರ್ ತಮ್ಮ ‘ಸಾಂಗತ್ಯೇ ಐಕಾ’ವನ್ನು ಪತ್ರಕರ್ತ ಅರುಣ್ ಸಾಧು ಅವರಿಗೆ ಹೇಳಿ ಬರೆಸಿದರು. ಆ ಪುಸ್ತಕಕ್ಕೆ ಬಂದ ಅತಿ ದೊಡ್ಡ ಪ್ರತಿಕ್ರಿಯೆ ಒಂದು ಸಿನಿಮಾ, ಶ್ಯಾಮ್ ಬೆನೆಗಲ್ ಅವರ ‘ಭೂಮಿಕಾ’, 1977ರದ್ದು. ಹಂಸಾ 1971ರಲ್ಲೇ ಹೋಗಿಬಿಟ್ಟಿದ್ದರು. ಆ ಸಿನಿಮಾದ ಚಿತ್ರಕಥೆಯಲ್ಲಿ ಕಾರ್ನಾಡರ ಕೈ ಇತ್ತು, ತೆರೆಯ ಮೇಲೆ ಅನಂತನಾಗ್ ಇದ್ದರು. ನಟಿಯೊಬ್ಬಳ ಆತ್ಮಕಥೆಯನ್ನು ಇಷ್ಟು ಹತ್ತಿರದಿಂದ ನೋಡಿದ ಇಬ್ಬರೂ ಮುಂದೆ ತಾವೇ ನೆನಪು ಬರೆಯಲು ಕುಳಿತರು.

ಹಳೆಯ ಪುಸ್ತಕದ ಅಂಚುಗಳಿಗೆ ಬರುತ್ತೇನೆ. ಅವೆನ್ಯೂ ರಸ್ತೆಯಲ್ಲಿ ಸಿಕ್ಕಿದ, ಕಂಪನಿ ನಟರೊಬ್ಬರ ಆತ್ಮಕಥೆಯೊಂದು ನನ್ನಲ್ಲಿದೆ. ರಟ್ಟು ಕಿತ್ತಿದೆ, ಬೆಲೆ ಕೊಟ್ಟದ್ದೂ ಅಷ್ಟರಲ್ಲೇ. ಅದರ ಮೊದಲ ಯಜಮಾನ ಪೆನ್ಸಿಲು ಹಿಡಿದು ಓದಿದವನು. ಒಂದು ಕಡೆ ‘ಸುಳ್ಳು’ ಎಂದು ಗೀಚಿದ್ದಾನೆ. ಮುಂದಿನ ಪುಟದಲ್ಲಿ ‘ಇದು ನಿಜ, ನಮ್ಮ ತಂದೆಯೂ ಹೇಳುತ್ತಿದ್ದರು’. ಇನ್ನೊಂದು ಕಡೆ ಹಾರ್ಮೋನಿಯಂ ನುಡಿಸುತ್ತಿದ್ದವನ ಹೆಸರು ಹೊಡೆದುಹಾಕಿ ಬೇರೆ ಹೆಸರು ಬರೆದಿದ್ದಾನೆ. ಆ ಪುಸ್ತಕಕ್ಕೆ ಮುನ್ನುಡಿ ಬರೆದ ವಿದ್ವಾಂಸರ ಹನ್ನೆರಡು ಪುಟಗಳಿಗಿಂತ ಈ ಪೆನ್ಸಿಲಿನ ಮಾತುಗಳು ನನಗೆ ಹೆಚ್ಚು ಉಪಯೋಗಕ್ಕೆ ಬಂದಿವೆ.

ಹಾಗೆಂದು ಓದುಗನ ನೆನಪೆಲ್ಲ ಅಪ್ಪಟ ಎಂದುಕೊಳ್ಳಬೇಡಿ. 1972ರಲ್ಲಿ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ಕಾರಂತರು ‘ಈಡಿಪಸ್’, ‘ಸಂಕ್ರಾಂತಿ’, ‘ಜೋಕುಮಾರಸ್ವಾಮಿ’ಗಳನ್ನು ಆಡಿಸಿದರಲ್ಲ, ಅದನ್ನು ಕಣ್ಣಾರೆ ಕಂಡೆವೆನ್ನುವವರೆಲ್ಲ ನಿಜವಾಗಿ ಬಂದಿದ್ದರೆ ಜನ ಲಾಲ್‌ಬಾಗಿನವರೆಗೂ ನಿಂತಿರಬೇಕಾಗಿತ್ತು. ಆದರೂ ‘ಅಲ್ಲಿದ್ದೆ’ ಎಂಬ ಆ ಸುಳ್ಳಿನಲ್ಲೂ ಒಂದು ಮಾಹಿತಿ ಇದೆ. ಯಾವ ನಾಟಕದ ಬಗ್ಗೆ ಜನ ಸುಳ್ಳು ಹೇಳುವುದಿಲ್ಲವೋ ಅದು ಮರೆತುಹೋದ ನಾಟಕ.

ಚಾಮರಾಜಪೇಟೆಯಲ್ಲಿ ಹಿರಿಯ ನಟರೊಬ್ಬರಿದ್ದಾರೆ. ಹೆಸರು ಬರೆಯಬಾರದೆಂಬ ಷರತ್ತಿನ ಮೇಲೆ ಕಾಫಿ ಕೊಟ್ಟರು. ಮೂವತ್ತು ವರ್ಷ ಹವ್ಯಾಸಿ ತಂಡಗಳಲ್ಲಿ ಆಡಿ, ನಿವೃತ್ತಿಯಾದ ಮೇಲೆ ಧಾರಾವಾಹಿಗಳಲ್ಲಿ ತಾತನಾಗಿ, ಈಗ ಆತ್ಮಕಥೆಯನ್ನೂ ಬರೆದಿದ್ದಾರೆ. ಅದಕ್ಕೆ ಬಂದ ಕಾಗದಗಳನ್ನು, ಮೊಮ್ಮಗಳು ಪ್ರಿಂಟ್ ತೆಗೆದುಕೊಟ್ಟ ವಾಟ್ಸಾಪ್ ಸಂದೇಶಗಳನ್ನು ಎರಡು ಕಟ್ಟು ಮಾಡಿ ದಾರ ಸುತ್ತಿಟ್ಟಿದ್ದಾರೆ. ದಪ್ಪನೆಯದು ಮೆಚ್ಚುಗೆ. ಅದನ್ನು ಬಿಚ್ಚುವುದೇ ಇಲ್ಲ. ‘ಅದ್ರಲ್ಲೇನಿದೆ? ಎಲ್ಲರೂ ಒಂದೇ ಮಾತು ಬರೀತಾರೆ.’ ತೆಳ್ಳನೆಯದು ತಕರಾರು. ಮನೆಗೆ ಯಾರು ಬಂದರೂ ಇದನ್ನು ಬಿಚ್ಚಿ ಓದುತ್ತಾರೆ. ಓದುತ್ತಾರೆ ಎಂದರೆ ಕಡಿಮೆಯಾಯಿತು, ಆಡಿ ತೋರಿಸುತ್ತಾರೆ. ಕಾಗದ ಬರೆದವರನ್ನು ಅವರು ನೋಡಿದವರಲ್ಲ. ಆದರೂ ಒಬ್ಬೊಬ್ಬರಿಗೆ ಒಂದೊಂದು ದನಿ, ಒಂದೊಂದು ಕೂರುವ ಭಂಗಿ.

‘ರೀ, ಆ ತಿಪಟೂರಿನ ಮೇಷ್ಟ್ರುದು ಓದಿ’ ಎಂದರು ಹೆಂಡತಿ ಒಳಗಿನಿಂದ.

ಪುಸ್ತಕದಲ್ಲಿ ನಟರು ಬರೆದಿದ್ದರಂತೆ: ತಿಪಟೂರಿನ ಪ್ರದರ್ಶನದ ನಡುವೆ ಕರೆಂಟು ಹೋಯಿತು, ತಾನು ಕತ್ತಲಲ್ಲೇ ಸಂಭಾಷಣೆ ಮುಂದುವರಿಸಿದೆ, ಸಭೆ ಉಸಿರು ಬಿಗಿಹಿಡಿದು ಕೇಳಿತು ಎಂದು. ಮೇಷ್ಟ್ರು ಬರೆಯುತ್ತಾರೆ: ಉಸಿರು ಬಿಗಿಹಿಡಿದವರು ಯಾರೂ ಇರಲಿಲ್ಲ. ನಾವು ಹುಡುಗರು ಸಿಳ್ಳೆ ಹೊಡೆಯುತ್ತಿದ್ದೆವು. ಸೋಡಾ ಅಂಗಡಿಯವನು ಪೆಟ್ರೋಮ್ಯಾಕ್ಸ್ ತಂದಿಟ್ಟ ಮೇಲೆಯೇ ತಾವು ಬಾಯಿ ತೆರೆದದ್ದು. ದಯಮಾಡಿ ಸೋಡಾ ಅಂಗಡಿಯವನನ್ನು ಪುಸ್ತಕಕ್ಕೆ ಸೇರಿಸಿಕೊಳ್ಳಿ.

ಮುಂದಿನದು ಹಳೆಯ ಸಹೋದ್ಯೋಗಿಯದು. ಪ್ರದರ್ಶನವಿದ್ದ ದಿನಗಳಲ್ಲಿ ನಾಲ್ಕು ಗಂಟೆಗೇ ಎದ್ದು ಹೋಗುತ್ತಿದ್ದವನ ಫೈಲುಗಳನ್ನೂ ಸೇರಿಸಿ ನೋಡಿಕೊಂಡವನು. ‘ಮುನ್ನೂರು ಪುಟದಲ್ಲಿ ನನ್ನ ಹೆಸರಿಗೆ ಅರ್ಧ ಸಾಲು ಸಿಗಲಿಲ್ಲವೇನಯ್ಯಾ?’ ಇದನ್ನು ಓದುವಾಗ ಅವರು ದನಿ ಬದಲಾಯಿಸಲಿಲ್ಲ. ಮೂರನೆಯದು ಮಲ್ಲೇಶ್ವರದ ಹೆಂಗಸೊಬ್ಬರದು. ನಾಯಕಿ ನೀಲಿ ಸೀರೆ ಉಟ್ಟಿದ್ದಳೆಂದು ಬರೆದಿದ್ದೀರಿ. ಅದು ನಮ್ಮಕ್ಕನ ಸೀರೆ, ಹಸಿರು, ಜರಿ ಅಂಚಿನದು. ನಿಮ್ಮ ತಂಡದವರು ಎರಡು ದಿನಕ್ಕೆಂದು ಕೇಳಿ ಒಯ್ದದ್ದು ಇನ್ನೂ ವಾಪಸು ಬಂದಿಲ್ಲ.

ನಕ್ಕೂ ನಕ್ಕೂ ಸುಸ್ತಾದ ಮೇಲೆ ಅವರೆಂದರು: ‘ಇಷ್ಟು ವರ್ಷ ನಾನು ಮಾತಾಡ್ದೆ, ಅವರು ಕತ್ತಲಲ್ಲಿ ಕೂತು ಕೇಳಿದ್ರು. ಈಗ ಅವರ ಸರದಿ ಕಣಯ್ಯಾ.’

ಎರಡನೇ ಮುದ್ರಣದ ಮಾತು ಬಂತು. ಅವರ ಯೋಚನೆ ತಪ್ಪುಗಳನ್ನೆಲ್ಲ ಪಠ್ಯದಲ್ಲೇ ತಿದ್ದಿಬಿಡುವುದು. ಸಿಳ್ಳೆ ಸೇರಿಸುವುದು, ಪೆಟ್ರೋಮ್ಯಾಕ್ಸ್ ತರಿಸುವುದು, ಸಹೋದ್ಯೋಗಿಗೆ ಒಂದು ಪ್ಯಾರಾ. ನಾನು ಬೇಡವೆಂದೆ. ಕತ್ತಲಲ್ಲಿ ಸಭೆಯನ್ನು ಹಿಡಿದಿಟ್ಟೆನೆಂದು ನಟ ನಂಬಿಕೊಂಡದ್ದೂ ಅವನ ಕಥೆಯೇ. ಅದನ್ನು ಹಾಗೇ ಬಿಟ್ಟು ಮೇಷ್ಟ್ರ ಕಾಗದವನ್ನು ಪುಸ್ತಕದ ಹಿಂದೆ ಇಡಿ ಸಾರ್, ಓದುವವರು ಎರಡನ್ನೂ ಓದಿಕೊಳ್ಳಲಿ ಎಂದೆ. ನಮ್ಮಲ್ಲಿ ಮರುಮುದ್ರಣವೆಂದರೆ ಹಿಂಬದಿ ರಕ್ಷಾಪುಟಕ್ಕೆ ನಾಲ್ಕು ಹೊಗಳಿಕೆಯ ಸಾಲು ಅಂಟಿಸುವುದು ಎಂದಾಗಿದೆ. ಹೊಗಳಿಕೆ ಓದಿ ಪುಸ್ತಕ ಕೊಂಡವನನ್ನು ನಾನಂತೂ ಕಂಡಿಲ್ಲ. ‘ಸಾಂಗತ್ಯೇ ಐಕಾ’ದಂತೆ ಎಲ್ಲ ಪುಸ್ತಕಕ್ಕೂ ಸಿನಿಮಾ ಸಿಗುವುದಿಲ್ಲ, ಹದಿನಾರು ಪುಟದ ಒಂದು ಫಾರಂ ಕಾಗದವನ್ನಾದರೂ ಓದುಗರಿಗೆ ಬಿಟ್ಟುಕೊಡಬಹುದು. ಪ್ರಕಾಶಕರು ಕಾಗದದ ಬೆಲೆ ಹೇಳುತ್ತಾರಂತೆ. ಮುನ್ನುಡಿಯನ್ನು ಅರ್ಧಕ್ಕೆ ಕತ್ತರಿಸಿದರೆ ಆಯಿತಲ್ಲ ಎಂದು ನಾನು ಹೇಳಿದ್ದು ನಟರಿಗೆ ಹಿಡಿಸಿತು. ಮುನ್ನುಡಿ ಬರೆದವರಿಗೆ ಯಾರು ಹೇಳುವುದು ಎಂಬಲ್ಲಿಗೆ ಮಾತು ನಿಂತಿತು.

ಸೋಡಾ ಅಂಗಡಿಯವನು ಹೇಗಾದರೂ ಸರಿ, ಒಳಗೆ ಬರುವುದು ಖಚಿತವಾಗಿದೆ. ಸಹೋದ್ಯೋಗಿಯನ್ನು ಊಟಕ್ಕೆ ಕರೆದಿದ್ದಾರೆ. ಸೀರೆಯ ವ್ಯಾಜ್ಯ ಮಾತ್ರ ಬಗೆಹರಿದಿಲ್ಲ. ಆ ನಾಟಕದ್ದು ಉಳಿದಿರುವುದು ಒಂದೇ ಫೋಟೋ, ಅದೂ ಕಪ್ಪು ಬಿಳುಪು. ನಟರು ಇನ್ನೂ ನೀಲಿ ಎನ್ನುತ್ತಾರೆ. ಹೆಂಡತಿ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿ, ಬಣ್ಣ ಯಾವುದಾದರೂ ಆಗಲಿ, ಮೊದಲು ಆಕೆಗೊಂದು ಸೀರೆ ಕೊಡಿಸಿ ಎಂದಿದ್ದಾರೆ.